ಅಮ್ಮನ ಊಟದ ಡಬ್ಬಿ

ಇವತ್ತು ಕುಡುಮಲಕುಂಟೆ ದಾಟುವಾಗ ಬಸ್ಸಿನೊಳಗೆ ಬಿಸ್ಕತ್ತು ಬೇಯುವ ವಾಸನೆ ನುಗ್ಗಿತು. ಅಮ್ಮನ ಸೀರೆಯ ವಾಸನೆ ಅದು.

ನಾನು ಚಿಕ್ಕವಳಿದ್ದಾಗ ಅಲ್ಲಿನ ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದ ಅಮ್ಮ ಮನೆಗೆ ಒಂದು ಬಿಸ್ಕತ್ತೂ ತರುತ್ತಿರಲಿಲ್ಲ. ಅಲ್ಲೇ ತಿಂದು ಬರ್ತಾಳೆ ಅಂತ ನನಗೆ ಗುಮಾನಿ. ಸಂಜೆ ಬಂದ ತಕ್ಷಣ ಅವಳ ಊಟದ ಡಬ್ಬಿ ಮೂಸುತ್ತಿದ್ದೆ, ಸೆರಗು ಕೊಡವುತ್ತಿದ್ದೆ, ಕೊನೆಗೆ "ಬಾಯಿ ತೆಗಿ" ಅಂತಿದ್ದೆ.

"ತಿಂದಿಲ್ಲ ಕಣಮ್ಮ" ಅಂತ ಬಾಯಿ ತೆಗೆಯೋಳು.

ಒಂದು ಸಂಜೆ ಅಪ್ಪನ ಜೊತೆ ಅವಳನ್ನು ಕರೆತರಲು ಹೋದೆ. ಗೇಟಿನಲ್ಲಿ ಸೆಕ್ಯೂರಿಟಿ ಹೆಂಗಸು ಅಮ್ಮನ ಡಬ್ಬಿ ತೆಗೆಸಿದಳು, ಸೆರಗು ಕೊಡವಿಸಿದಳು, "ಬಾಯಿ ತೆಗಿ" ಅಂದಳು. ಅಮ್ಮ ನನ್ನನ್ನು ನೋಡುತ್ತಲೇ ಬಾಯಿ ತೆಗೆದಳು. ಆಮೇಲೆ ನಾನು ಅವಳ ಡಬ್ಬಿ ಮುಟ್ಟಲಿಲ್ಲ.

ಇವತ್ತು ಬಸ್ಸಿಳಿದು ಅದೇ ಫ್ಯಾಕ್ಟರಿಯ ಬಿಸ್ಕತ್ತಿನ ಪ್ಯಾಕೆಟ್ ಕೊಂಡು, ಮನೆಗೆ ಹೋಗಿ ಅಮ್ಮನ ಕೈಗಿಟ್ಟೆ. ಒಡೆಯದೆ ತಿರುಗಿಸಿ ತಿರುಗಿಸಿ ನೋಡಿದಳು.

"ಬಿಲ್ ಇಟ್ಕೊಂಡಿದ್ದೀಯ ತಾನೇ?" ಅಂದಳು.