ಗುಂಡ್ಯದಿಂದ ಬಂದ ಕರೆ

ನನ್ನ ಅಪ್ಪ ಪುತ್ತೂರಿನ ಒಂದು ಸಣ್ಣ ಪ್ರೊಟೆಸ್ಟೆಂಟ್ ಸಭೆಯಲ್ಲಿ ಉಪದೇಶಿಯಾಗಿದ್ದರು. ದೀಕ್ಷೆ ಪಡೆದ ಅಯ್ಯನವರು ತಿಂಗಳಿಗೊಮ್ಮೆ ಮಂಗಳೂರಿನಿಂದ ಬಂದು ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನ ನಡೆಸಿ ಹೋಗುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಸಭೆಗೆ ಬೋಧಿಸುವ ಪ್ರಸಂಗ, ಕಾಯಿಲೆಯವರ ಮನೆಯ ಪ್ರಾರ್ಥನೆ, ಸತ್ತವರನ್ನು ಮಣ್ಣು ಮಾಡುವುದು ಎಲ್ಲ ಅಪ್ಪನ ಪಾಲಿಗೆ. ಅವರ ಪ್ರಸಂಗ ಎಲ್ಲಿಂದ ಹೊರಟರೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತಿತ್ತು: ದೇವರು ಕರೆಯುವುದು ಇವತ್ತು, ನಾಳೆ ಎಂಬುದನ್ನು ಯಾರೂ ನಮಗೆ ಬರೆದು ಕೊಟ್ಟಿಲ್ಲ. ನಾನು ಆ ಮಾತನ್ನು ಪಕ್ಕದ ಮನೆಯವರ ಕೆಮ್ಮಿನ ಹಾಗೆ ಕೇಳುತ್ತಾ ಬೆಳೆದವಳು. ಕೇಳುತ್ತಿತ್ತು, ಮನಸ್ಸಿಗೆ ತಾಗುತ್ತಿರಲಿಲ್ಲ.

ಆ ಮಾತಿಗೆ ನೇರವಾಗಿ ಎದುರು ನಿಂತವರೆಂದರೆ ಅಮ್ಮನ ತಮ್ಮ, ನನ್ನ ಸೋದರಮಾವ ಒಬ್ಬರೇ. ಘಾಟಿಯ ಬುಡದ ಗುಂಡ್ಯದ ಮರದ ಡಿಪೋದಲ್ಲಿ ಲಾರಿಗಳಿಗೆ ದಿಮ್ಮಿ ಹೇರಿಸುವ ಮೇಸ್ತ್ರಿ. ಮದುವೆಯಾಗಿ ಎರಡನೆಯ ವರ್ಷ ಅತ್ತೆ ಹೆರಿಗೆಯಲ್ಲಿ ತೀರಿಕೊಂಡರು, ಮಗುವೂ ಉಳಿಯಲಿಲ್ಲ. ಅವರಿಬ್ಬರನ್ನು ಒಂದೇ ಗುಂಡಿಯಲ್ಲಿ ಮಲಗಿಸಿದ ದಿನದಿಂದ ಮಾವ ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ದೇವರಿಲ್ಲ ಎಂದು ಅವರು ಯಾವತ್ತೂ ಹೇಳಿದವರಲ್ಲ. ಅಪ್ಪ ಒತ್ತಾಯಿಸಿದಾಗಲೆಲ್ಲ ನಗುತ್ತಾ, "ಬರ್ತೇನೆ ಭಾವ, ಈಸ್ಟರಿಗೆ ಖಂಡಿತ," ಎನ್ನುತ್ತಿದ್ದರು. ಈಸ್ಟರ್ ಕಳೆದರೆ ಕ್ರಿಸ್ಮಸ್. ಒಮ್ಮೆ ಕಾಯಿಲೆಯೆಂದು ಹೇಳಿಕಳಿಸಿದ್ದರಿಂದ ಅಪ್ಪ ಬೈಬಲ್ ಹಿಡಿದುಕೊಂಡು ಗುಂಡ್ಯದವರೆಗೆ ಹೋಗಿದ್ದರು. ಹೋಗಿ ನೋಡಿದರೆ ಮಾವ ಗುಣವಾಗಿ ಇಸ್ಪೀಟು ಆಡುತ್ತಿದ್ದರು. ಭಾವನಿಗೆ ಮೀನಿನ ಊಟ ಹಾಕಿಸಿ, ಮರದ ಲಾರಿಯಲ್ಲಿ ಕೂರಿಸಿ ವಾಪಸ್ ಕಳಿಸಿದ್ದರು. ಅಪ್ಪನಿಗೆ ಅದು ಅವಮಾನವೆನಿಸಿತ್ತು.

ಐವತ್ತರ ದಶಕದ ಕೊನೆಯ ಒಂದು ದಸರಾ ರಜೆ. ಕಡಬದ ಹತ್ತಿರದ ಶಾಲೆಯೊಂದರಲ್ಲಿ ಟೀಚರಾಗಿದ್ದ ನಾನು ಮನೆಗೆ ಬಂದಿದ್ದೆ. ಆ ಭಾನುವಾರ ಸಭೆಯ ಬೆಳೆ ಹಬ್ಬ. ಮಂಗಳೂರಿನಿಂದ ದೊಡ್ಡ ಅಯ್ಯನವರು ಬರುವವರಿದ್ದರು, ಆದರೆ ಪ್ರಸಂಗ ಅಪ್ಪನೇ ಮಾಡಬೇಕೆಂದು ಅವರು ಹೇಳಿಕಳಿಸಿದ್ದರು. ಗುರುವಾರ ಮಧ್ಯಾಹ್ನ ಮರದ ಲಾರಿಯ ಡ್ರೈವರೊಬ್ಬರು ನಮ್ಮ ಅಂಗಳಕ್ಕೆ ಬಂದರು.

"ಮೇಸ್ತ್ರಿಗೆ ಚಳಿಜ್ವರ ಜೋರುಂಟು. ಭಾವ ಒಮ್ಮೆ ಬರ್ಬೇಕಂತೆ, ಮಾತಾಡ್ಲಿಕ್ಕುಂಟಂತೆ," ಎಂದರು. "ಸಂಜೆ ನಾನು ವಾಪಸ್ ಹೋಗುದು. ಬರುದಾದ್ರೆ ಕರ್ಕೊಂಡು ಹೋಗ್ತೇನೆ."

ಅಪ್ಪ ಹಬ್ಬದ ವಿಷಯ ವಿವರಿಸಿ, ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತೇನೆಂದು ತಿಳಿಸಲು ಹೇಳಿದರು. ತಾನೊಬ್ಬಳೇ ಹೋಗಿ ಬರುತ್ತೇನೆಂದು ಅಮ್ಮ ಹೇಳಿದರು. ಹಬ್ಬದ ಅಡುಗೆ ಯಾರು ನೋಡುವುದು ಎಂದು ಅಪ್ಪ ಕೇಳಿದರು. ಅಮ್ಮ ಒಳಗೆ ಹೋಗಿ ಒಂದು ಕಂಬಳಿ, ಒಂದು ಭರಣಿ ಉಪ್ಪಿನಕಾಯಿ ತಂದು ಡ್ರೈವರರ ಕೈಗೆ ಕೊಟ್ಟರು.

ಭಾನುವಾರ ಅಪ್ಪ ಮಾಡಿದಂಥ ಪ್ರಸಂಗವನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ದೇವರು ಬಾಗಿಲ ಹತ್ತಿರ ಇರುವಾಗಲೇ ಏಳಬೇಕು, ಅವನು ದಾಟಿ ಹೋದ ಮೇಲೆ ಬೀದಿಯಲ್ಲಿ ಹುಡುಕುವುದಲ್ಲ ಎಂದು ಹೇಳುವಾಗ ಹೆಂಗಸರ ಸಾಲಿನಲ್ಲಿ ಸೆರಗು ಕಣ್ಣಿಗೆ ಹೋಯಿತು. ದೊಡ್ಡ ಅಯ್ಯನವರು ಅಪ್ಪನ ಕೈ ಕುಲುಕಿದರು. ಅಮ್ಮ ಬಡಿಸುವ ಸೌಟು ಹಿಡಿದು ಚಪ್ಪರದ ಕೆಳಗೆ ನಿಂತಿದ್ದರು.

ಸೋಮವಾರ ನಾವು ಮೂವರೂ ಹೊರಟೆವು. ಉಪ್ಪಿನಂಗಡಿಯವರೆಗೆ ಬಸ್ಸು, ಅಲ್ಲಿಂದ ಘಾಟಿಯ ಕಡೆ ಹೋಗುವ ಖಾಲಿ ಲಾರಿ. ಗುಂಡ್ಯದಲ್ಲಿ ಇಳಿಯುವಾಗ ಮಧ್ಯಾಹ್ನವಾಗಿತ್ತು. ಡಿಪೋದ ಎದುರು ಒಂದು ಚಹಾದ ಹೋಟೆಲು. ಅದನ್ನು ನಡೆಸುತ್ತಿದ್ದವರು ಉಪ್ಪಿನಂಗಡಿ ಕಡೆಯ ಒಬ್ಬ ಬ್ಯಾರಿ ಮುಸಲ್ಮಾನರು. ಹಿಂದಿನ ಕೋಣೆಯನ್ನು ಮಾವನಿಗೆ ಬಾಡಿಗೆಗೆ ಕೊಟ್ಟವರೂ ಅವರೇ. ನಮ್ಮನ್ನು ಕಂಡೊಡನೆ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ತಲೆಯ ಮೇಲಿನ ಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಂಡರು. ಅಮ್ಮ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು.

ಮಾವ ಶನಿವಾರ ಮಧ್ಯಾಹ್ನ ತೀರಿಕೊಂಡಿದ್ದರು. ಪುತ್ತೂರಿಗೆ ಸುದ್ದಿ ಮುಟ್ಟಿಸಲು ಆ ಮೇಲೆ ಯಾವ ಲಾರಿಯೂ ಸಿಕ್ಕಿರಲಿಲ್ಲ. ದೇಹವನ್ನು ಇನ್ನೂ ಇಡುವ ಹಾಗಿರಲಿಲ್ಲವಾದ್ದರಿಂದ ಭಾನುವಾರ ಬೆಳಿಗ್ಗೆ ಡಿಪೋದವರೆಲ್ಲ ಸೇರಿ ಹೊಳೆಯ ಮೇಲಿನ ದಿಣ್ಣೆಯಲ್ಲಿ ಮಣ್ಣು ಮಾಡಿದ್ದರು. ಕ್ರಿಸ್ತಾನರದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಎರಡು ಮರದ ರೀಪು ಕಟ್ಟಿ ಶಿಲುಬೆ ಮಾಡಿ ನೆಟ್ಟಿದ್ದರು.

ಅಪ್ಪ ನಿಂತೇ ಇದ್ದರು. ಹೋಟೆಲಿನವರು ಮೆಲ್ಲಗೆ ಒಂದೊಂದೇ ಹೇಳಿದರು. ಗುರುವಾರ ಲಾರಿಯ ಸದ್ದು ಕೇಳಿ ಮಾವ ಎದ್ದು ಕೂತರಂತೆ. ಡ್ರೈವರ್ ಒಬ್ಬನೇ ಇಳಿದದ್ದನ್ನು ನೋಡಿ, ಸೋಮವಾರವೆಂಬ ಮಾತು ಕೇಳಿ, ನಕ್ಕರಂತೆ.

"ಇದು ನಾನು ಹೇಳುವ ಮಾತಲ್ವ, ಭಾವ ಯಾವಾಗ ಕಲಿತದ್ದು ಅಂತ ಕೇಳಿದ್ರು," ಎಂದರು ಹೋಟೆಲಿನವರು.

ಶುಕ್ರವಾರ ಜ್ವರ ಏರಿತು. ನೆಲ್ಯಾಡಿಯಿಂದ ಔಷಧಿ ತರಿಸಿದ್ದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಶನಿವಾರ ಬೆಳಿಗ್ಗೆ ಮಾವ ತನ್ನನ್ನು ಎಬ್ಬಿಸಿ ಕೂರಿಸಲು ಹೇಳಿದರು. ಭಾವನನ್ನು ಕಾಯ್ತಾ ಕೂತರೆ ಆಗಲಿಕ್ಕಿಲ್ಲ, ನಾನೇ ಮಾತಾಡುತ್ತೇನೆ ಎಂದರು. ಬೆನ್ನಿಗೆ ಆಧಾರ ಕೊಡದಿದ್ದರೆ ಬೀಳುವ ಸ್ಥಿತಿ. ಆದ್ದರಿಂದ ಹೋಟೆಲಿನವರು ಹಿಂದೆ ಹಿಡಿದುಕೊಂಡು ಕೂತರು. ಮಾವ ಕಣ್ಣು ಮುಚ್ಚಿ ತುಳುವಿನಲ್ಲಿ ದೇವರ ಹತ್ತಿರ ಮಾತಾಡಿದರಂತೆ. ಮೊದಲು ಜಗಳದ ಹಾಗೆ, ಹೆಂಡತಿಯ ಹೆಸರು ಹಿಡಿದು. ಆಮೇಲೆ ಅಳು. ಆಮೇಲೆ ಸ್ವರ ತಗ್ಗಿತು. ಮುಗಿದ ಮೇಲೆ ನೀರು ಕೇಳಿ ಕುಡಿದು ಮಲಗಿದವರು ಮತ್ತೆ ಏಳಲಿಲ್ಲ.

"ಕೊನೆಗೆ ಎಂತ ಹೇಳಿದ?" ಎಂದು ಅಪ್ಪ ಕೇಳಿದರು.

"ಅದು ನನಗೆ ಹೇಳಿದ್ದಲ್ಲ, ಉಪದೇಶಿಗಳೇ. ಯಾರಿಗೆ ಹೇಳಿದ್ರೋ ಅವ ಕೇಳಿದ್ದಾನೆ."

ಅಪ್ಪ ಇನ್ನೊಮ್ಮೆ ಕೇಳಿದರು. ಕ್ಷಮೆ ಬೇಡಿದನೇ, ಅಷ್ಟಾದರೂ ಹೇಳಿ ಎಂದು ಅವರ ಕೈ ಹಿಡಿದುಕೊಂಡರು. ಅಪ್ಪ ಯಾರನ್ನಾದರೂ ಹಾಗೆ ಬೇಡಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಹೋಟೆಲಿನವರು ಕೈ ಬಿಡಿಸಿಕೊಳ್ಳದೆ ಇನ್ನೊಂದು ಕೈಯನ್ನು ಅಪ್ಪನ ಕೈಯ ಮೇಲಿಟ್ಟರು. ಆಮೇಲೆ ಅಮ್ಮನಿಗೆ ಚಹಾ ತರಲು ಒಳಗೆ ಹೋದರು.

ದಿಣ್ಣೆಯ ಮಣ್ಣು ಇನ್ನೂ ಹಸಿಯಾಗಿತ್ತು. ಮಣ್ಣು ಮಾಡುವಾಗ ಹೇಳುವ ಮಾತುಗಳು ಅಪ್ಪನಿಗೆ ಬಾಯಿಪಾಠ. ಅರ್ಧಕ್ಕೆ ಬಂದು ನಿಂತುಬಿಟ್ಟರು. ಉಳಿದರ್ಧವನ್ನು ಅಮ್ಮ ಮುಂದುವರಿಸಿದರು, ಗಟ್ಟಿಯಾಗಿ, ತಪ್ಪಿಲ್ಲದೆ, ಅಪ್ಪನ ಕಡೆ ನೋಡದೆ. ನಾನು ಮಣ್ಣಿನ ಮೇಲೆ ಕೈಯಿಟ್ಟು ಕೂತಿದ್ದೆ. ನನಗೆ ಹೆದರಿಕೆಯಾಯಿತು. ಸಾವಿನ ಹೆದರಿಕೆಯಲ್ಲ. ದೇವಾಲಯದ ಅಂಗಳದಲ್ಲೇ ಹುಟ್ಟಿ ಬೆಳೆದು, ಹಾಡಿನ ಗುಂಪಿನಲ್ಲಿ ಹಾಡಿ, ಮಕ್ಕಳಿಗೆ ಭಾನುವಾರದ ಪಾಠ ಹೇಳಿಕೊಟ್ಟ ನಾನು ಮಾವನ ಹಾಗೆ ಒಂದು ಸಲವೂ ದೇವರ ಹತ್ತಿರ ಮಾತಾಡಿರಲಿಲ್ಲ. ಜಗಳವನ್ನು ಕೂಡ ಮಾಡಿರಲಿಲ್ಲ. ಮದುವೆಯಾಗಲಿ, ಮನೆ ಒಂದು ನೆಲೆಗೆ ಬರಲಿ, ದೇವರ ವಿಷಯ ಆಮೇಲೆ ಎಂದುಕೊಂಡಿದ್ದೆ.

ಹಿಂದಿರುಗುವಾಗ ಉಪ್ಪಿನಂಗಡಿಯಲ್ಲಿ ಗುಡುಗು ಮಳೆ ಹಿಡಿಯಿತು. ಪುತ್ತೂರಿನ ಬಸ್ಸಿಗೆ ಕಾಯುವ ಜನ ಅಂಗಡಿಗಳ ಮಾಡಿನ ಕೆಳಗೆ ಒತ್ತಿಕೊಂಡು ನಿಂತಿದ್ದರು. ಅಮ್ಮ ದೂರದ ಇನ್ನೊಂದು ಅಂಗಡಿಯ ಜಗಲಿಯಲ್ಲಿ. ನಾನು ಅಪ್ಪನ ಕೊಡೆಯ ಕೆಳಗೆ ಹೋಗಿ, "ನನಗೆ ಪ್ರಾರ್ಥನೆ ಮಾಡ್ಬೇಕು ಅಪ್ಪ. ನೀವು ಒಟ್ಟಿಗೆ ನಿಲ್ಲಿ," ಎಂದೆ.

"ಇಲ್ಲಿಯಾ? ಮನೆಗೆ ಹೋಗಿ," ಎಂದು ಬಾಯಿ ತೆರೆದವರು ಅಲ್ಲಿಗೇ ನಿಲ್ಲಿಸಿದರು. ಟೊಪ್ಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಬಸ್ಸಿಗೆ ಕಾಯುತ್ತಿದ್ದವರು ನೋಡುತ್ತಿದ್ದರು. ನಾನು ಏನು ಹೇಳಿದೆನೆಂದು ಇಲ್ಲಿ ಬರೆಯುವುದಿಲ್ಲ. ನನ್ನದು ಮುಗಿದ ಮೇಲೆ ಅಪ್ಪ ತಮ್ಮದನ್ನು ಶುರುಮಾಡಿದರು. ಪ್ರಸಂಗದ ಭಾಷೆ ಇರಲಿಲ್ಲ. "ಕರ್ತನೇ, ನನ್ನನ್ನು ಕರೆದದ್ದು ನೀನೇ ಅಂತ ನನಗೆ ಗೊತ್ತಾಗಲಿಲ್ಲ," ಎಂದು ಒಂದೇ ವಾಕ್ಯ. ಬಸ್ಸು ಬಂದಾಗ ಅವರ ಕೊಡೆ ಒಂದು ಬದಿಗೆ ವಾಲಿ, ಇಬ್ಬರೂ ಪೂರ್ತಿ ನೆನೆದಿದ್ದೆವು.

ಅಮ್ಮ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಸೆರಗಿನಿಂದ ನನ್ನ ತಲೆ ಒರೆಸಿದರು. ಅಪ್ಪ ಮುಂದಿನ ಸೀಟಿನಲ್ಲಿ ಒಬ್ಬರೇ ಕೂತಿದ್ದರು. ಅವರ ಕುತ್ತಿಗೆಯಿಂದಲೂ ನೀರು ಇಳಿಯುತ್ತಿತ್ತು. ಅಮ್ಮ ಅದನ್ನು ಪುತ್ತೂರಿನವರೆಗೂ ನೋಡುತ್ತಿದ್ದರು, ಕೈ ಮಾತ್ರ ಚಾಚಲಿಲ್ಲ.