ಶೇವಂತೆವ್ವನ ಹಳ್ಳದ ಬಾಲವಾಡಿ

ವ್ಯಾಪಾರದ ಮಾಲೆಂದು ನೋಡಿದರೆ ಶೇವಂತೆವ್ವನಲ್ಲಿ ಕಣ್ಣಿಗೆ ಬೀಳುವಂಥದ್ದೇನೂ ಇರಲಿಲ್ಲ. ಎತ್ತರ ಜೋಳದ ಚೀಲ ನಿಲ್ಲಿಸಿದರೆ ಅದಕ್ಕಿಂತ ಒಂದು ಗೇಣು ಹೆಚ್ಚು. ಮೈಯಲ್ಲಿ ಮಾಂಸ ಕಡಿಮೆ, ಇದ್ದದ್ದೆಲ್ಲ ನರ ಮತ್ತು ಎಲುಬು. ಹಿಮ್ಮಡಿ ಬೇಸಿಗೆಯ ಎರೆ ಹೊಲದಂತೆ ಬಿರುಕು ಬಿಟ್ಟಿತ್ತು. ಹಲ್ಲು ಗಟ್ಟಿ, ಕಣ್ಣು ಚೂಪು, ದನಿ ಮಾತ್ರ ಆ ಮೈಗೆ ಬೇಕಾದ್ದಕ್ಕಿಂತ ಎರಡು ಪಟ್ಟು. ಬಾಗೇವಾಡಿಯ ದನದ ಪೇಟೆಯಲ್ಲಿ ಇಂಥ ಒಣಕಲು ಹೋರಿ ಕಂಡರೆ ಜಾಣ ವ್ಯಾಪಾರಿ ಹಗ್ಗ ಮುಟ್ಟದೆ ಮುಂದೆ ಹೋಗುತ್ತಾನೆ. ನಾನೂ ಹಾಗೆ ಮುಂದೆ ಹೋದವನೇ. ಹದಿನೈದು ವರ್ಷ ಅಂಗಡಿಯಲ್ಲಿ ಜೋಳ, ತೊಗರಿ ನೋಡಿ ಪಳಗಿದ ನನ್ನ ಕಣ್ಣು ಪೂರ್ತಿ ಮೋಸ ಹೋದದ್ದು ಆಗ.

ಅವಳು ಯಂಕಂಚಿಯ ಕುರಿಗಾರರ ಮಗಳು. ಅಪ್ಪನ ಕುರಿ ಯಾವ ಊರ ಹೊಲದಲ್ಲಿ ತಂಗಿದವೋ ಆ ಊರ ಸಾಲೆಯ ಕಟ್ಟೆ ಹತ್ತಿ, ಐದಾರು ಮಾಸ್ತರರ ಬೈಗುಳ ತಿಂದು ಏಳನೆಯ ಇಯತ್ತೆ ಮುಗಿಸಿದ್ದಳು. ನಮ್ಮೂರಿನ ಕಾಳಪ್ಪನನ್ನು ಮದುವೆಯಾಗಿ ಬಂದಳು. ಕಾಳಪ್ಪ ವರ್ಷಕ್ಕೆ ಎಂಟು ತಿಂಗಳು ಕುರಿಗಳ ಹಿಂದೆ ಇರುವವನು. ಉಳಿದ ನಾಲ್ಕು ತಿಂಗಳು ಹೆಂಡತಿಯ ಮಾತಿಗೆ ಹೂಂ ಅನ್ನುವವನು.

ಎಪ್ಪತ್ನಾಲ್ಕರ ದಸರೆ ಮುಗಿದ ಮೇಲೆ ಊರಿಗೆ ಬಾಲವಾಡಿ ಬಂತು. ಮೂರರಿಂದ ಐದು ವರ್ಷದ ಮಕ್ಕಳನ್ನು ಮುಂಜಾನೆ ಮೂರು ತಾಸು ಕೂಡಿಸಿಕೊಂಡು ಹಾಡು, ಅಕ್ಷರ ಹೇಳಿಕೊಡಬೇಕು, ಒಂದು ಹೊತ್ತು ಉಪ್ಪಿಟ್ಟು ಕೊಡಬೇಕು. ಏಳನೆಯ ಇಯತ್ತೆ ಓದಿದ್ದು, ಪರರ ಮಕ್ಕಳ ಮೂಗು ಒರೆಸಲೂ ತಯಾರಿದ್ದ ಹೆಂಗಸು ಊರಲ್ಲಿ ಇವಳೊಬ್ಬಳೇ. ಪಂಚಾಯ್ತಿ ಚೇರಮನ್ನ ಮಾನಪ್ಪ ತನ್ನ ಮನೆಯ ಮಗ್ಗುಲಿನ ಖೋಲಿ ಬಿಟ್ಟುಕೊಟ್ಟ. ಫರಸಿ ಕಲ್ಲಿನ ನೆಲ, ಕಬ್ಬಿಣದ ಸರಳಿನ ಒಂದು ಕಿಟಕಿ, ಬಾಗಿಲ ಮೇಲೊಂದು ಹಲಗೆ. ಹಲಗೆಯಲ್ಲಿ ಅವನಪ್ಪನ ಹೆಸರು ಗೇಣುದ್ದ, ಬಾಲವಾಡಿ ಎಂಬುದು ಬೆರಳುದ್ದ.

ಎಂಟು ದಿನ ಶೇವಂತೆವ್ವ ಇಪ್ಪತ್ತೆರಡು ಮಕ್ಕಳನ್ನು ಆ ಖೋಲಿಯಲ್ಲಿ ಕೂಡಿಸಿ ನೋಡಿದಳು. ಒಂದು ಅತ್ತರೆ ಹತ್ತು ಅಳುತ್ತಿದ್ದವು. ಅಳದೆ ಉಳಿದವು ಗೋಡೆಗೆ ಆತು, ಬಾಯಲ್ಲಿ ಬೆರಳಿಟ್ಟು ಮಬ್ಬಾಗಿ ಕೂತಿರುತ್ತಿದ್ದವು. ಅವಳಿಗೆ ಹೆಚ್ಚು ಅಂಜಿಕೆ ತಂದದ್ದು ಈ ಸುಮ್ಮನಿದ್ದ ಮಕ್ಕಳೇ. ಕೂಡಿಹಾಕಿದ ಕುರಿಮರಿ ಮೊದಲು ಒದರುವುದನ್ನು ಬಿಡುತ್ತದೆ, ಆಮೇಲೆ ತಿನ್ನುವುದನ್ನು ಬಿಡುತ್ತದೆ ಎಂಬುದು ಅವಳು ನಡೆಯಲು ಕಲಿತಾಗಿನಿಂದ ನೋಡಿದ್ದು. ಒಂಬತ್ತನೆಯ ದಿನ ಖೋಲಿಯಲ್ಲಿ ಗೋಧಿರವೆಯ ಡಬ್ಬಿಯನ್ನೂ ಚಾಪೆಯನ್ನೂ ಇಟ್ಟು ಕೀಲಿ ಹಾಕಿದಳು. ಮಕ್ಕಳನ್ನು ಊರ ಹಿಂದಿನ ಹಳ್ಳಕ್ಕೆ ಕರೆದೊಯ್ದಳು.

ಚಳಿಗಾಲದ ಹಳ್ಳ, ನೀರು ಪಾದ ಮುಳುಗುವಷ್ಟು. ಒಣಗಿದ ಕಡೆ ಮಕ್ಕಳು ಉಸುಕು ತೋಡಿ ಒರತೆ ಮಾಡುತ್ತಿದ್ದವು. ತೋಡಿದ ಮೇಲೆ ನೀರು ಜಿನುಗಬೇಕು, ಜಿನುಗಿದ ಮೇಲೆ ರಾಡಿ ತಿಳಿಯಾಗಬೇಕು. ಅಲ್ಲಿಯವರೆಗೆ ಕೈ ಹಾಕದೆ ಕಾಯಬೇಕು. ಖೋಲಿಯಲ್ಲಿ ಅರೆಗಳಿಗೆ ಕೂಡದ ಮಕ್ಕಳು ಅಲ್ಲಿ ಉಸಿರು ಬಿಗಿಹಿಡಿದು ಕುಳಿತಿರುತ್ತಿದ್ದವು. ದಂಡೆಯ ಎರೆ ಮಣ್ಣಿನಿಂದ ಎತ್ತು ಮಾಡುವುದು, ಕೊಂಬು ಉದ್ದವಾಯಿತೆಂದು ಜಗಳಾಡುವುದು, ಬಾರಿಹಣ್ಣು ಆರಿಸುವುದು, ಅಂಗಾಲಿಗೆ ಮುಳ್ಳು ಚುಚ್ಚಿದರೆ ಅಕ್ಕೋರ ಮುಂದೆ ಕಾಲು ಚಾಚುವುದು. ಶೇವಂತೆವ್ವ ಇನ್ನೊಂದು ಮುಳ್ಳಿನಿಂದ ಅದನ್ನು ತೆಗೆದು, ಅಂಗೈಯಲ್ಲಿಟ್ಟು ಮಗುವಿಗೇ ತೋರಿಸುತ್ತಿದ್ದಳು.

ಅವಳು ಮಕ್ಕಳನ್ನು ಎಣಿಸುತ್ತಿರಲಿಲ್ಲ. ಕುರಿಗಾರರು ಹಿಂಡನ್ನು ನೋಡುವ ಹಾಗೆ ಒಮ್ಮೆ ಕಣ್ಣು ಹಾಯಿಸಿದರೆ ಯಾವುದು ಇಲ್ಲವೆಂದು ತಿಳಿಯುತ್ತಿತ್ತು. ಊರವರು ಇದಕ್ಕೆ ಶೇವಂತೆವ್ವನ ಹಿಂಡು ಎಂದು ಹೆಸರಿಟ್ಟರು. ಅದು ಬೈಗುಳವೆಂದು ಅವಳಿಗೆ ಯಾರೂ ತಿಳಿಸಿ ಹೇಳಲಿಲ್ಲ; ಹೇಳಿದ್ದರೂ ಅವಳು ನಂಬುತ್ತಿರಲಿಲ್ಲ.

ಆ ಹಿಂಡಿನಲ್ಲಿ ನನ್ನ ಮಗಳು ಸೀತವ್ವನೂ ಇದ್ದಳು. ಎರಡು ಕೂಸುಗಳನ್ನು ಕಳೆದುಕೊಂಡ ಮೇಲೆ ನಮಗೆ ಉಳಿದವಳು. ನಾಲ್ಕು ವರ್ಷ ಅಂಗಡಿಯ ಗಾದಿಯ ಮೇಲೆ ಬೆಳೆದಿದ್ದಳು. ಮೊದಲ ದಿನ ಹಳ್ಳದ ಉಸುಕಿನಲ್ಲಿ ನಿಲ್ಲಿಸಿದರೆ, ಬಿಸಿ ಹಂಚು ತುಳಿದವಳಂತೆ ಒಂದೊಂದೇ ಕಾಲು ಎತ್ತುತ್ತ ಅತ್ತಳಂತೆ. ಶೇವಂತೆವ್ವ ಎತ್ತಿಕೊಳ್ಳಲಿಲ್ಲ. ತಾನೂ ಪಕ್ಕದಲ್ಲಿ ಕೂತು ತನ್ನ ಪಾದದ ಮೇಲೆ ಉಸುಕು ಹೇರಿ ಗುಬ್ಬಿಮನೆ ಕಟ್ಟತೊಡಗಿದಳು. ಮೂರನೆಯ ದಿನ ಸೀತವ್ವ ತನ್ನ ಪಾದವನ್ನೂ ಒಳಗೆ ತೂರಿಸಿದಳು.

ಶಿವರಾತ್ರಿಯ ಹಿಂದಿನ ವಾರ ಸೀತವ್ವ ಹಳ್ಳದ ದಂಡೆಯ ಹುಣಸೆ ಗಿಡದಿಂದ ಬಿದ್ದಳು. ಎಡಗೈ ಮುರಿಯಿತು.

ಶೇವಂತೆವ್ವ ಉಳಿದ ಮಕ್ಕಳನ್ನು ಅಲ್ಲೇ ಬಟ್ಟೆ ಒಗೆಯುತ್ತಿದ್ದ ಅಗಸರ ಚನ್ನವ್ವನ ಕಣ್ಣಿಗೆ ಒಪ್ಪಿಸಿ, ಸೀತವ್ವನನ್ನು ಹೊತ್ತು ಎಲುಬು ಕೂಡಿಸುವ ಶಮಶುದ್ದೀನನ ಮನೆಗೆ ಓಡಿದಳು. ಅವನು ಬಿದಿರಿನ ಪಟ್ಟಿ ಕಟ್ಟಿದ ಮೇಲೆ ನೆಟ್ಟಗೆ ನಮ್ಮ ಅಂಗಡಿಗೆ ಬಂದಳು. ಬೇರೆ ಯಾರ ಬಾಯಿಂದಲೂ ಸುದ್ದಿ ಬರುವ ಮೊದಲೇ ಬಂದಳು.

"ಕೈ ಮುರದೈತ್ರಿ. ನನ್ನ ಕಣ್ಣ ಮುಂದ ಬಿದ್ದಾಳ. ಹತ್ತಬ್ಯಾಡ ಅಂತ ನಾ ಅಂದಿರಲಿಲ್ಲ," ಎಂದಳು.

ನೆವ ಹೇಳಿದ್ದರೆ ಜಗಳಕ್ಕೆ ದಾರಿ ಇರುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿ ನಿಂತವಳ ಜೊತೆ ಏನು ಜಗಳಾಡುವುದು? ಆದರೂ ನಾನು ಆಡಿದೆ.

ಮಾನಪ್ಪನಿಗೆ ಇದೇ ಬೇಕಾಗಿತ್ತು. ತನ್ನ ಅಪ್ಪನ ಹೆಸರಿನ ಖೋಲಿ ಖಾಲಿ ಬಿದ್ದದ್ದು ನಾಲ್ಕು ತಿಂಗಳಿಂದ ಅವನ ಹೊಟ್ಟೆಯಲ್ಲಿ ಕುದಿಯುತ್ತಿತ್ತು. ಮರುದಿನ ಚಾವಡಿಯಲ್ಲಿ ಜನ ಕೂಡಿಸಿದ. ಇನ್ನು ಮೇಲೆ ಹತ್ತರಿಂದ ಒಂದರವರೆಗೆ ಮಕ್ಕಳು ಖೋಲಿಯಲ್ಲಿ ಇರಬೇಕು, ಬಾಗಿಲಿಗೆ ಹೊರಗಿನಿಂದ ಅಗಳಿ ಹಾಕಬೇಕು, ಒಪ್ಪದಿದ್ದರೆ ಶೇವಂತೆವ್ವ ಬಾಲವಾಡಿ ಬಿಡಬೇಕು ಎಂದ. ಕುರಿ ಕಾಯುವ ಬುದ್ಧಿ ಮಕ್ಕಳ ಮೇಲೆ ನಡೆಸಬೇಡ ಎಂದೂ ಸೇರಿಸಿದ. ಜನ ನಕ್ಕರು.

ಶೇವಂತೆವ್ವ ನಗು ಮುಗಿಯುವ ತನಕ ಕಾದಳು.

"ಒಂದ ಕುರಿ ಕಳದ್ರ ನಮ್ಮ ಮನ್ಯಾಗ ಆ ದಿನ ಒಲಿ ಹಚ್ಚೂದಿಲ್ರಿ, ಯಪ್ಪಾ. ನಿಮ್ಮ ಖೋಲ್ಯಾಗ ಹುಡುಗರು ಕಳದ್ರ ಯಾರಿಗೂ ಗೊತ್ತಾಗೂದಿಲ್ಲ. ಚಾಪಿ ಮ್ಯಾಲ ಕೂತಿರ್ತಾವು, ಆದ್ರ ಕಳದ ಹೋಗಿರ್ತಾವು."

"ನಾಳೆ ಒಂದ ಹುಡುಗ ಸತ್ರ ಯಾರ ಜವಾಬ್ದಾರಿ?" ಎಂದ ಮಾನಪ್ಪ.

"ನಂದ. ಕೈ ಮುರದದ್ದೂ ನಂದ, ಅದನ್ನ ಅವರ ಅಂಗಡಿಗೆ ಹೋಗಿ ಹೇಳೇನಿ. ಅಂಜುಬುರುಕ ಮಾಡಿ ಬೆಳಸಿದ್ದು ಯಾರ ಜವಾಬ್ದಾರಿ ಅಂತ ನೀವ ಹೇಳ್ರಿ."

ಅವಳು ಸೆರಗಿನ ಗಂಟು ಬಿಚ್ಚಿ ಖೋಲಿಯ ಕೀಲಿಯನ್ನು ಮಾನಪ್ಪನ ಮುಂದಿನ ಕಟ್ಟೆಯ ಮೇಲಿಟ್ಟಳು.

"ಕೀಲಿ ನಿಮ್ದು. ಹುಡುಗರು ನಿಮ್ಮವಲ್ಲ. ನಾ ನಾಳೆ ಹಳ್ಳದಾಗ ಇರ್ತೇನಿ. ಕಳಸಾವರು ಕಳಸ್ರಿ."

ಮರುದಿನ ಹಳ್ಳದಲ್ಲಿ ಅವಳೊಬ್ಬಳೇ. ತಾನೇ ಒಂದು ಒರತೆ ತೋಡಿ ಅದರ ಮಗ್ಗುಲಲ್ಲಿ ಕೂತಳು. ಕುಳಿತಲ್ಲಿಂದ ಊರ ದಾರಿಯನ್ನೇ ನೋಡುತ್ತಿದ್ದೆನೆಂದು ಎಷ್ಟೋ ದಿನದ ಮೇಲೆ ಹೇಳಿದಳು. ಒಂದು ಮಗುವೂ ಬರದಿದ್ದರೆ ಕಾಳಪ್ಪನ ಕುರಿಗಳ ಹಿಂದೆ ಹೋಗುವುದೇ ಉಳಿದ ದಾರಿ. ಮಕ್ಕಳಿಗೆ ಉಳಿಯುವುದು ಆ ಅಗಳಿ. ಅತ್ತ ಖೋಲಿಯಲ್ಲಿ ಮಾನಪ್ಪನ ತಂಗಿ ಸಿದ್ದಲಿಂಗವ್ವ ಬೆತ್ತ ಹಿಡಿದು ಕೂತಿದ್ದಳು. ಒಳಗಿನ ರಂಪಕ್ಕೆ ಎದುರು ಸಾಲಿನ ನನ್ನ ಅಂಗಡಿಯಲ್ಲಿ ಗಿರಾಕಿ ಕೇಳಿದ್ದು ನನಗೆ ತಿಳಿಯುತ್ತಿರಲಿಲ್ಲ, ನಾನು ಹೇಳಿದ್ದು ಅವರಿಗೆ ತಿಳಿಯುತ್ತಿರಲಿಲ್ಲ.

ಹನ್ನೊಂದರ ಹೊತ್ತಿಗೆ ನನ್ನ ಹೆಂಡತಿ ರೇಣವ್ವ, ಕೈಗೆ ಬಿದಿರಿನ ಪಟ್ಟಿ ಕಟ್ಟಿದ್ದ ಸೀತವ್ವನನ್ನು ನಡೆಸಿಕೊಂಡು, ನಡು ಬಜಾರಿನಲ್ಲಿ ಹಳ್ಳದ ಕಡೆ ಹೊರಟಳು. ಮಗಳು ಮನೆಯಲ್ಲಿ ಎರಡು ದಿನದಿಂದ ಕೈ ನೋವಿನ ಮಾತೆತ್ತದೆ ಕೇಳುತ್ತಿದ್ದದ್ದು ಒಂದೇ, ಅಕ್ಕೋರ ಹತ್ತಿರ ಹೋಗುವುದು ಯಾವಾಗ ಎಂದು. ನನ್ನನ್ನು ಯಾರೂ ಕೇಳಲಿಲ್ಲ. ಮಾನಪ್ಪ ಅಂಗಡಿಗೆ ಬಂದು, ಸಾವಕಾರರ ಮಾತು ಮನೆಯಲ್ಲಿ ನಡೆಯುವುದಿಲ್ಲವೇನು ಎಂದು ಕೆಣಕಿದ.

"ಮುರದದ್ದು ಕೈರಿ, ಚೇರಮನ್ನರ," ಎಂದೆ. "ಕಾಲು ಗಟ್ಟಿ ಅದಾವು. ನಡದ ಹೋದ್ಲು."

ಮುರಿದ ಕೈಯವಳೇ ಹೋದ ಮೇಲೆ ಉಳಿದ ತಾಯಂದಿರಿಗೆ ಕಾಯಲು ಏನಿತ್ತು? ಚನ್ನವ್ವ ಹೋಗಿ ಅಗಳಿ ಸರಿಸಿ ಮಗನನ್ನು ಎತ್ತಿಕೊಂಡಳು. ಅವಳ ಹಿಂದೆ ಆರೇಳು ಮಂದಿ. ಶನಿವಾರದ ಹೊತ್ತಿಗೆ ಖೋಲಿಯಲ್ಲಿ ಉಳಿದದ್ದು ಮಾನಪ್ಪನ ಮೊಮ್ಮಗ ಒಬ್ಬನೇ. ಅವನೂ ಸೋಮವಾರ ಕಿಟಕಿಯ ಸರಳು ಹತ್ತಿ, ಸಂದಿಯಲ್ಲಿ ತೂರಿ, ಹೊರಗೆ ಜಿಗಿದು ಹಳ್ಳ ಸೇರಿದ. ಹತ್ತುವುದನ್ನು ಎಲ್ಲಿ ಕಲಿತನೆಂದು ಮಾನಪ್ಪ ಯಾರನ್ನೂ ಕೇಳಲಿಲ್ಲ.

ಸೋತವನು ಸುಮ್ಮನಿರಲಿಲ್ಲ. ಮೇಲಿನವರಿಗೆ ಕಾಗದ ಬರೆದ. ಶೇವಂತೆವ್ವನ ಪಗಾರ ಬೇಸಿಗೆ ಮುಗಿಯುವ ತನಕ ನಿಂತಿತು. ಗೋಧಿರವೆಯೂ ನಿಂತಿತು. ತಾಯಂದಿರು ಸರದಿಯ ಮೇಲೆ ಬುತ್ತಿ ಕಟ್ಟಿದರು. ಅವಳು ಒಂದು ದಿನವೂ ಹಳ್ಳ ತಪ್ಪಿಸಲಿಲ್ಲ, ಪಗಾರಕ್ಕಾಗಿ ಯಾರ ಮನೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಮೇಲಿನಿಂದ ತಪಾಸಣೆಗೆ ಬಂದ ಅಧಿಕಾರಿ ಬಾಯಾರು ಮಕ್ಕಳೆಲ್ಲಿ ಎಂದು ಕೇಳಿದಾಗ, ಚಪ್ಪಲಿ ಬಿಟ್ಟು ಬನ್ನಿರಿ, ತೋರಿಸುತ್ತೇನೆ ಎಂದಳಂತೆ. ಆ ಬಾಯಾರು ಚಪ್ಪಲಿ ಬಿಟ್ಟರು. ಮಳೆಗಾಲದ ಆರಂಭದಲ್ಲಿ ಪಗಾರ ಮತ್ತೆ ಶುರುವಾಯಿತು.

ಅದಕ್ಕೂ ಮೊದಲು, ಶಮಶುದ್ದೀನ ಸೀತವ್ವನ ಪಟ್ಟಿ ಬಿಚ್ಚಿದ ಮರುದಿನ, ನಾನೇ ಅವಳನ್ನು ಹಳ್ಳಕ್ಕೆ ಬಿಡಲು ಹೋದೆ. ಹುಣಸೆ ಗಿಡ ಕಡಿದಿರಲಿಲ್ಲ, ಸುತ್ತ ಮುಳ್ಳಿನ ಬೇಲಿಯನ್ನೂ ಹಚ್ಚಿರಲಿಲ್ಲ. ಅದರ ಕೆಳಗಿನ ಗಟ್ಟಿ ನೆಲವನ್ನು ಶೇವಂತೆವ್ವ ಮೊಣಕಾಲುದ್ದ ಅಗೆದು, ಹಳ್ಳದ ಉಸುಕು ತುಂಬಿದ್ದಳು. ಬುಟ್ಟಿ ಹೊತ್ತದ್ದು ಒಬ್ಬಳೇ. ಸೀತವ್ವ ನನ್ನ ಕೈ ಬಿಡಿಸಿಕೊಂಡು ನೇರ ಆ ಗಿಡಕ್ಕೆ ಹೋಗಿ ಕಾಲು ಇಟ್ಟಳು. ನಾನು ಬಾಯಿ ತೆರೆದೆ.

"ಸುಮ್ನಿರ್ರಿ, ಸಾವಕಾರ್ರ," ಎಂದಳು ಶೇವಂತೆವ್ವ, ನನ್ನ ಕಡೆ ನೋಡದೆ. "ನೀವು ಕೂಗಿದ್ರ ಆಕಿ ನಿಮ್ಮನ್ನ ನೋಡ್ತಾಳ. ಟೊಂಗಿ ನೋಡೂದಿಲ್ಲ."

ನಾನು ಬಾಯಿ ಮುಚ್ಚಿದೆ. ಸೀತವ್ವ ಒಂದು ಟೊಂಗೆಯನ್ನು ಜಗ್ಗಿ ನೋಡಿ ಬಿಟ್ಟಳು, ಇನ್ನೊಂದನ್ನು ಜಗ್ಗಿ ನೋಡಿ ಹಿಡಿದಳು. ಬಿದ್ದ ಜಾಗದ ಹತ್ತಿರ ಬಂದು ನಿಂತಳು. ಬಹಳ ಹೊತ್ತು ನಿಂತಳು. ಆಮೇಲೆ ಕಾಲಿಟ್ಟು ದಾಟಿ ಮೇಲೆ ಹೋಗಿ ಕೂತಳು.

ನನ್ನ ಮಗಳಿಗೆ ಧೈರ್ಯ ನನ್ನಿಂದ ಬರಲಿಲ್ಲ. ಅದನ್ನು ಕೊಟ್ಟವಳು ಶೇವಂತೆವ್ವ, ಅದಕ್ಕೆ ನಾನು ಅವಳ ಋಣದಲ್ಲಿದ್ದೇನೆ.