‘ಬೇಡ’ ಎಂದ ಬಾಗಿಲು ಬಡಿಯುವ ಕಿನುಯೊ

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷವಿದೆ. ಯೊನಾಗೊ ರೈಲು ನಿಲ್ದಾಣದ ಎದುರಿನ ಅಮೆರಿಕನ್ ಹೋಟೆಲಿನ ಐದನೇ ಮಹಡಿಯಲ್ಲಿ ಕಿನುಯೊ ಕದೊವಾಕಿ ಸದ್ದಿಲ್ಲದೆ ನಡೆಯುತ್ತಿದ್ದಾರೆ. ಅವರ ಕೆಲಸ ಶುರುವಾಗುವುದು ಒಂಬತ್ತಕ್ಕೆ. ಆದರೂ ಬಂದು, ಬಾಗಿಲ ಹಿಡಿಗಳಿಗೆ ನೇತುಬಿದ್ದ ಹಸಿರು ಚೀಟಿಗಳನ್ನು ನೋಡುತ್ತಾರೆ. ‘ಇಂದು ಕೋಣೆ ಶುಚಿ ಮಾಡುವುದು ಬೇಡ’ ಎನ್ನುವ ಚೀಟಿಗಳು. ಇವತ್ತು ನಾಲ್ಕಿವೆ. 512ರದ್ದು ನಿನ್ನೆಯೂ ಇತ್ತು. ಆ ಸಂಖ್ಯೆಯನ್ನು ಪೆನ್ನಿನಿಂದ ಅಂಗೈ ಮೇಲೆ ಬರೆದುಕೊಳ್ಳುತ್ತಾರೆ.

ಕಿನುಯೊ ಅವರಿಗೆ ಅರವತ್ತೆಂಟು ವರ್ಷ. ದಿನಕ್ಕೆ ಹದಿನಾಲ್ಕು ಕೋಣೆ, ಒಂದೊಂದಕ್ಕೆ ಇಪ್ಪತ್ತಾರು ನಿಮಿಷ. ಹಾಸಿಗೆ, ಕನ್ನಡಿ, ಬಚ್ಚಲು ಎಲ್ಲ ಅಷ್ಟರೊಳಗೇ ಮುಗಿಯಬೇಕು, ಅತಿಥಿಗಳ ಕಣ್ಣಿಗೂ ಬೀಳಬಾರದು. ಇಲ್ಲಿಗೆ ಬರುವ ಮೊದಲು ಮೂವತ್ತೊಂದು ವರ್ಷ ಕಾಯಿಕೆ ಎಂಬ ಕಡಲತೀರದ ಬಿಸಿನೀರಿನ ಬುಗ್ಗೆಯ ಹಳೇ ವಸತಿಗೃಹದಲ್ಲಿದ್ದರು. ಅದು ಮುಚ್ಚಿತು.

“ಅಲ್ಲಿ ಮಂಡಿಯೂರಿ ಕೂತು, ಚಹಾ ತಂದಿದೀನಿ ಅಂತ ಕೂಗಿ, ಬಾಗಿಲು ಸರಿಸೋದು,” ಎನ್ನುತ್ತಾರೆ. “ಯಾರು ಉಂಡ್ರು, ಯಾರು ಉಣ್ಣಲಿಲ್ಲ, ಎಲ್ಲ ಗೊತ್ತಾಗ್ತಿತ್ತು. ಇಲ್ಲಿ ಚೀಟಿ ಇದ್ರೆ ಮುಗೀತು. ಬಡಿಯೋ ಹಾಗಿಲ್ಲ.”

ಪ್ರತಿ ತಿಂಗಳು ಮೂರು ರಾತ್ರಿ ತಂಗಲು ನಿಚಿನಾನ್ ಬೆಟ್ಟದಿಂದ ಇನೊಕುಚಿ ಎಂಬ ಹಿರಿಯರು ಬರುತ್ತಿದ್ದರು. ಗರಗಸ ಹರಿತ ಮಾಡುತ್ತಿದ್ದವರು. ಹೆಂಡತಿ ಈ ಊರಿನ ಆಸ್ಪತ್ರೆಯಲ್ಲಿದ್ದರು. ಕೋಣೆ ಬಿಡುವಾಗ ಅವರು ಹೊದಿಕೆ ಮಡಿಚಿ, ಬಚ್ಚಲು ಒರೆಸಿ, ಒಣಗಿಸಿದ ಎರಡು ಕಾಕಿ ಹಣ್ಣುಗಳನ್ನು ಕಾಗದದಲ್ಲಿ ಸುತ್ತಿ ಕಿನುಯೊಗೆಂದು ಇಟ್ಟು ಹೋಗುತ್ತಿದ್ದರು. ಮುಖಾಮುಖಿ ಮಾತಾಡಿದ್ದು ಒಂದೇ ಸಲ, ಕಳೆದ ನವೆಂಬರಿನಲ್ಲಿ. ಕಿನುಯೊ ಗೋಡೆಗೆ ಕೈಯೂರಿ ನಿಂತಿದ್ದರು.

“ಮಂಡಿನೋವಾ?” ಎಂದು ಕೇಳಿದರು ಇನೊಕುಚಿ.

“ಹದಿನಾಲ್ಕು ಕೋಣೆ ಅಂದ್ರೆ ಮಂಡಿಗೂ ಸಿಟ್ಟು ಬರಲ್ವಾ ಸ್ವಾಮಿ?”

ಇಬ್ಬರೂ ನಕ್ಕರು. ಮಾರನೆಯ ದಿನದಿಂದ ಅವರ ಬಾಗಿಲಲ್ಲಿ ಹಸಿರು ಚೀಟಿ ತೂಗಿತು. ಆಮೇಲೆ ಬಂದಾಗಲೆಲ್ಲ ಅದೇ.

“ಸುಳ್ಯಾಕೆ ಹೇಳ್ಲಿ, ನಂಗೆ ಖುಷಿಯಾಯ್ತು. ಒಂದು ಕೋಣೆ ಉಳೀತಲ್ಲ ಅಂತ,” ಎನ್ನುವಾಗ ಕಿನುಯೊ ತಲೆ ಎತ್ತುವುದಿಲ್ಲ.

ಫೆಬ್ರವರಿಯಲ್ಲಿ ಇನೊಕುಚಿ ಬಂದಾಗ ಹೊರಗೆ ಹಿಮ ಸುರಿಯುತ್ತಿತ್ತು. ಚೀಟಿ ತೂಗಿದ ಎರಡನೆಯ ದಿನ ಕಿನುಯೊ ಆ ಬಾಗಿಲ ಮುಂದೆ ನಿಂತರು. ಬೆಳಿಗ್ಗೆ ಎಂಟಕ್ಕೇ ಆಸ್ಪತ್ರೆಗೆ ಹೊರಡುವವರು ಹೊರಟ ಗುರುತಿರಲಿಲ್ಲ. ಬಡಿಯಲು ಕೈ ಎತ್ತಿದರು. ಮಲಗಿರಬೇಕು, ಸುಮ್ಮನೆ ಯಾಕೆ ತೊಂದರೆ ಎಂದು ಕೈ ಇಳಿಸಿದರು. ಮಾರನೆಯ ದಿನ, ಕೋಣೆ ಬಿಡುವ ಗಂಟೆ ಮೀರಿದಾಗ, ಹೋಟೆಲಿನವರು ಬಾಗಿಲು ತೆರೆದರು. ಇನೊಕುಚಿ ಬಚ್ಚಲಲ್ಲಿ ಬಿದ್ದಿದ್ದರು. ಬಿದ್ದು ಒಂದು ದಿನವೇ ಕಳೆದಿತ್ತು. ಜೀವ ಉಳಿಯಿತು, ಮಾತು ಮತ್ತು ಬಲಗೈ ಉಳಿಯಲಿಲ್ಲ. ನಿನ್ನೆಯೇ ತಂದಿದ್ದರೆ ಎಂದು ಡಾಕ್ಟರು ಅರ್ಧಕ್ಕೆ ನಿಲ್ಲಿಸಿದ ಮಾತು ಕಿನುಯೊ ಎದೆಯಲ್ಲಿ ಮುಳ್ಳಾಗಿ ಕೂತಿದೆ.

ಈಗ ಇನೊಕುಚಿ ಅದೇ ಆಸ್ಪತ್ರೆಯಲ್ಲಿ, ಹೆಂಡತಿಗಿಂತ ಎರಡು ಮಹಡಿ ಕೆಳಗಿದ್ದಾರೆ. ಪ್ರತಿ ಬುಧವಾರ, ರಜೆಯ ದಿನ, ಕಿನುಯೊ ಹೋಗುತ್ತಾರೆ.

“ಮುಖ ಒರೆಸಿದ್ರೆ ಎಡಗೈಲೇ ಆ ಟವೆಲ್ ಮಡಿಚೋಕೆ ನೋಡ್ತಾರೆ. ಬಿಡಿ ಸ್ವಾಮಿ, ಅದು ನಿಮ್ಮ ಕೆಲಸ ಅಲ್ಲ ಅಂತ ಗದರ್ತೀನಿ. ಎದ್ದು ಹೊರಗೆ ಬಂದು ಅತ್ತುಬಿಡ್ತೀನಿ.”

ಚೀಟಿ ಎರಡನೆಯ ದಿನವೂ ತೂಗಿದರೆ ಒಮ್ಮೆ ಬಡಿಯಲೇಬೇಕು ಎಂಬ ನಿಯಮ ಬರಲಿ. ಕಿನುಯೊ ಪತ್ರ ಬರೆದು ಕೇಳಿದ್ದು ಇಷ್ಟೇ. ಮ್ಯಾನೇಜರ್ ಮಿತ್ಸುಹಾಶಿ ಅದನ್ನು ಮೇಲಿನವರಿಗೆ ಕಳಿಸಿ ಐದು ತಿಂಗಳಾಯಿತು, ಉತ್ತರವಿಲ್ಲ. ಅಲ್ಲಿಯವರೆಗೆ ಕಿನುಯೊ ತಾವೇ ಬಡಿಯುತ್ತಿದ್ದಾರೆ. ಎರಡು ದೂರು ಬಂದಿವೆ, ಎರಡು ಸಲ ಕ್ಷಮಾಪಣೆ ಬರೆದುಕೊಟ್ಟಿದ್ದಾರೆ.

“ಕದೊವಾಕಿ ಸಾನ್, ಗಿರಾಕಿಗಳಿಗೆ ನಾನು ಏನಂತ ಹೇಳ್ಲಿ?” ಎಂದು ಮ್ಯಾನೇಜರ್ ತಲೆ ಕೆರೆದುಕೊಳ್ಳುತ್ತಾರೆ.

“ಮುದುಕಿಗೆ ಕಣ್ಣು ಮಂಜು ಅಂತ ಹೇಳಿ.”

ಡಿಸೆಂಬರಿಗೆ ಅವರಿಗೆ ನಿವೃತ್ತಿ. ಅಷ್ಟರೊಳಗೆ ಆ ಒಂದು ಸಾಲು ನಿಯಮದ ಪುಸ್ತಕಕ್ಕೆ ಸೇರಲಿ ಎಂಬುದೇ ಆಸೆ.

ಹತ್ತು ಗಂಟೆ. 512ರ ಬಾಗಿಲನ್ನು ಎರಡು ಸಲ ಬಡಿಯುತ್ತಾರೆ. ಸದ್ದಿಲ್ಲ. ಮತ್ತೆ ಬಡಿಯುತ್ತಾರೆ.

“ಬೇಡ ಅಂತ ಹಾಕಿದೀನಲ್ರೀ! ಓದೋಕೆ ಬರಲ್ವಾ?”

ಮುಚ್ಚಿದ ಬಾಗಿಲಿಗೆ ಕಿನುಯೊ ಸೊಂಟ ಬಗ್ಗಿಸಿ ನಮಸ್ಕರಿಸುತ್ತಾರೆ. ಅಂಗೈ ಮೇಲಿನ ಸಂಖ್ಯೆಯನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸುತ್ತಾರೆ.

“ಬೈಯೋಕೆ ದನಿ ಇದೆಯಲ್ಲ, ಅಷ್ಟು ಸಾಕು,” ಎನ್ನುತ್ತ ಗಾಡಿ ತಳ್ಳುತ್ತಾರೆ. “ಆವತ್ತೂ ಹೀಗೆ ಒಂದು ಬೈಸ್ಕೊಂಡಿದ್ರೆ ಆಗ್ತಿತ್ತು.”